ಕೋಳಿ ಫೀಡಿಗೆ ಬಂದ ಕೋಲಿಸ್ಟಿನ್ ಕಥೆ

ಕೋಳಿ ಸಾಕೋ ಅಣ್ಣಂದಿರೇ, ಫೀಡಿಗೆ ಬೆರೆಸ್ತಿದ್ದ ಒಂದು ಔಷಧಿಯ ಚರಿತ್ರೆ ಬರೀತೀನಿ. ಹೆಸರು ಕೋಲಿಸ್ಟಿನ್.

1940ರ ದಶಕದ ಕೊನೆಗೆ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಕಿಡ್ನಿಗೆ ಪೆಟ್ಟು ಅಂತ 1970ರ ದಶಕದ ಹೊತ್ತಿಗೆ ಡಾಕ್ಟ್ರು ಹೆಚ್ಚುಕಮ್ಮಿ ಕೈಬಿಟ್ಟರು. ಹಂದಿ, ಕೋಳಿಗೆ ಮಾತ್ರ ನಿಲ್ಲಲಿಲ್ಲ. ಭೇದಿ ನಿಲ್ಲುತ್ತೆ, ತೂಕ ಬರುತ್ತೆ ಅಂತ ಕೊಡ್ತಾನೇ ಬಂದರು. ಆಮೇಲೆ ಆಸ್ಪತ್ರೆಯಲ್ಲಿ ಬೇರೆ ಔಷಧಿಗಳು ಸೋತಾಗ ಡಾಕ್ಟ್ರು ಮತ್ತೆ ಇದನ್ನೇ ಹುಡುಕಿಕೊಂಡು ಬಂದರು. ಕಿಡ್ನಿ ಹೋದರೂ ಜೀವ ಉಳೀಲಿ ಅಂತ.

2015ರಲ್ಲಿ ಚೀನಾದ ವಿಜ್ಞಾನಿಗಳು ಒಂದು ವರದಿ ಕೊಟ್ಟರು. ಗ್ವಾಂಗ್‌ಝೌ ನಗರದ ಸಂತೆ, ಸೂಪರ್ ಮಾರ್ಕೆಟ್‌ಗಳಿಂದ ತಂದ ಹಂದಿ, ಕೋಳಿ ಮಾಂಸದ 523 ಮಾದರಿಗಳಲ್ಲಿ 78ರಲ್ಲಿ ಕೋಲಿಸ್ಟಿನ್‌ಗೆ ಬಗ್ಗದ ಇ. ಕೋಲೈ. ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತೆ, ಪಕ್ಕದ ಹೊಲಕ್ಕೆ ಕಳೆಬೀಜ ಹಾರಿದ ಹಾಗೆ. 2017ರಲ್ಲಿ ಚೀನಾ ತೂಕಕ್ಕೆ ಅಂತ ಫೀಡಿಗೆ ಬೆರೆಸೋದನ್ನ ನಿಲ್ಲಿಸಿತು.

ಚೀನಾದ ಮಾತು ನಮಗ್ಯಾಕೆ ಅಂತೀರಾ? ನಮ್ಮ ಸಂತೆಯ ಕೋಳಿ ಅಂಗಡಿ ನೋಡಿ. ಒಂದೇ ಬಿಸಿನೀರಿನ ಹಂಡೆ, ಪುಕ್ಕ ಕೀಳೋ ಒಂದೇ ಡ್ರಮ್ಮು, ಒಂದೇ ಮರದ ದಿಮ್ಮಿ. ಒಂದು ಕೋಳಿ ಕರುಳಿನ ಹಿಕ್ಕೆ ಹಿಂದಿನ ಎಲ್ಲಾ ಕೋಳಿಗೂ ಮೆತ್ತುತ್ತೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತೆ, ನಿಜ. ಆದ್ರೆ ಅದೇ ಚಾಕುವಲ್ಲಿ ಹೆಚ್ಚಿದ ಸೌತೆಕಾಯಿ? ಅಂಗಡಿಯವನನ್ನೇ ಬೈಯೋದು ನನಗೆ ಒಪ್ಪಿಗೆ ಇಲ್ಲ. ಆ ಕರುಳು ಸಾಕಿದ ಶೆಡ್ಡಿನಿಂದ ತಾನೇ ಹೋಗಿದ್ದು.

2019ರ ಜುಲೈನಲ್ಲಿ ಭಾರತ ಸರ್ಕಾರವೂ ಕೋಳಿ, ದನ, ಮೀನು ಸಾಕಣೆಗೆ ಇದನ್ನ ನಿಷೇಧಿಸಿತು. ಹಳೇ ಡಬ್ಬಿ ಉಳಿದಿದ್ದರೆ ಲೇಬಲ್ ಓದಿ: ಕೋಲಿಸ್ಟಿನ್ ಸಲ್ಫೇಟ್ ಅಂತಿದ್ರೆ ಮುಂದಿನ ಬ್ಯಾಚಿಗೆ ಹಾಕಬೇಡಿ.