ಹಂಗಿನ ಉಪ್ಪಿಟ್ಟು

ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸಬಾಳೆಯ ಶಾಲೆಗೆ ಹೋಗುತ್ತಿದ್ದ ನನಗೆ ಶೀತಲ ಸಮರವೆಂದರೆ ಮೊದಲು ನೆನಪಾಗುವುದು ಉಪ್ಪಿಟ್ಟಿನ ಘಮ. ಮಧ್ಯಾಹ್ನ ಬಡಿಸುತ್ತಿದ್ದ ಆ ಗೋಧಿರವೆಯ ಚೀಲದ ಮೇಲೆ ಪರಸ್ಪರ ಹಿಡಿದ ಎರಡು ಕೈಗಳ ಚಿತ್ರ; ಅದು ಅಮೆರಿಕದ್ದು. ನಮ್ಮ ಪುಸ್ತಕಗಳಿಗೆ ಹಾಕಿದ ನುಣುಪು ಬೈಂಡೋ, ರಷ್ಯದ ಬಣ್ಣದ ಪತ್ರಿಕೆಯ ಹಾಳೆ! ನಿಮ್ಮಲ್ಲೂ ಹಲವರಿಗೆ ನೆನಪಿರಬಹುದು.

1945ರಲ್ಲಿ ಹಿಟ್ಲರನನ್ನು ಸೋಲಿಸಿದ ಜೊತೆಗಾರರೇ ಇವರಿಬ್ಬರು. ಯುರೋಪಿನ ಮೇಲಿನ ಹಿಡಿತಕ್ಕಾಗಿ ಮನಸ್ತಾಪ ಬೆಳೆಯಿತು. ಖಾಸಗಿ ಬಂಡವಾಳವೇ ಸರಿ ಎಂದು ಒಬ್ಬರು, ಎಲ್ಲವೂ ಸರ್ಕಾರದ ಕೈಯಲ್ಲಿರಲಿ ಎಂದು ಇನ್ನೊಬ್ಬರು. 1949ರಲ್ಲಿ ರಷ್ಯವೂ ಅಣುಬಾಂಬು ಸಿಡಿಸಿದ ಮೇಲೆ ನೇರ ಹೊಡೆದಾಟಕ್ಕೆ ಇಬ್ಬರಿಗೂ ಭಯ. ಬಡ ದೇಶಗಳನ್ನು ಒಲಿಸಿಕೊಳ್ಳುವ ಪೈಪೋಟಿ ಶುರುವಾಯಿತು. ರಷ್ಯ ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು ನೆರವಾಯಿತು, 1954ರ ಪಿ.ಎಲ್. 480 ಕಾಯಿದೆಯಿಂದ ಅಮೆರಿಕದ ಹೆಚ್ಚುವರಿ ಧಾನ್ಯ ಹಡಗು ಹತ್ತಿತು.

ಆ ಗೋಧಿಯ ಹಂಗು ನನಗೆ ತಿಳಿದದ್ದು ಟೀಚರಾದ ಮೇಲೆ. 1965–66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ಕೈ ಬಿಗಿಹಿಡಿದು ಸ್ವಲ್ಪಸ್ವಲ್ಪವೇ ಕಳಿಸಿದರಂತೆ. ವಿಯೆಟ್ನಾಂ ಯುದ್ಧವನ್ನು ನಾವು ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ಅದನ್ನು ಓದಿದ ದಿನ ಹಳೆಯ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿದಂತಾಯಿತು.

ಆದರೆ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಶಾಲೆಗೆ ಬರುತ್ತಿದ್ದುದೇ ಅದಕ್ಕಾಗಿ. ಅರ್ಧ ತಿಂದು, ಉಳಿದರ್ಧವನ್ನು ಎಲೆಯಲ್ಲಿ ಕಟ್ಟಿ ತಮ್ಮನಿಗೆ ಒಯ್ಯುತ್ತಿದ್ದಳು.