ಕ್ಲೌಡ್ ಸಿಂಕ್ ಮತ್ತು ಬ್ಯಾಕಪ್: ಪ್ರತಿಗಳ ನಡುವಿನ ಅಂತರವನ್ನು ಕುರಿತು

ಇಂದು ಗೂಗಲ್ ಡ್ರೈವ್, ಒನ್‌ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಇಲ್ಲದ ಸಂಶೋಧಕರ ಲ್ಯಾಪ್‌ಟಾಪ್ ಸಿಗುವುದು ಅಪರೂಪ. ‘ನನ್ನದೆಲ್ಲ ಕ್ಲೌಡ್‌ನಲ್ಲಿದೆ’ ಎನ್ನುವವರು ಬ್ಯಾಕಪ್ ಕೂಡ ಆಗಿಹೋಗಿದೆ ಎಂದೇ ನಂಬಿರುತ್ತಾರೆ. ಈ ನಂಬಿಕೆಗೆ ಆಧಾರವಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಸಿಂಕ್ ಮತ್ತು ಬ್ಯಾಕಪ್ ಎರಡೂ ಪ್ರತಿ ಮಾಡುತ್ತವೆ ನಿಜ. ಆದರೆ ಅವುಗಳ ಗುರಿ ಒಂದಕ್ಕೊಂದು ವಿರುದ್ಧ. ಪ್ರತಿಗಳ ನಡುವೆ ಯಾವ ವ್ಯತ್ಯಾಸವೂ ಉಳಿಯದಂತೆ ನೋಡಿಕೊಳ್ಳುವುದು ಸಿಂಕ್‌ನ ಕೆಲಸ. ಬ್ಯಾಕಪ್‌ಗೆ ಬೆಲೆ ಬರುವುದೇ ಆ ವ್ಯತ್ಯಾಸದಿಂದ: ಇಂದಿನ ಪ್ರತಿ ಕೆಟ್ಟರೂ ನಿನ್ನೆಯದು ನಿನ್ನೆಯದಾಗಿಯೇ ಉಳಿದಿರಬೇಕು.

ಕಡತಗಳ ಸಿಂಕ್ ಎಂದರೇನು ಎಂಬುದನ್ನು ಗಣಿತದ ಖಚಿತತೆಯಲ್ಲಿ ನಿರೂಪಿಸಿದವರಲ್ಲಿ ಎಸ್. ಬಾಲಸುಬ್ರಮಣಿಯಂ ಮತ್ತು ಬೆಂಜಮಿನ್ ಪಿಯರ್ಸ್ ಪ್ರಮುಖರು. 1998ರ ತಮ್ಮ ಪ್ರಬಂಧದಲ್ಲಿ ಅವರು ಕೆಲಸವನ್ನು ಎರಡು ಹಂತ ಮಾಡಿದರು. ಹಿಂದಿನ ಸಿಂಕ್ ಆದ ಮೇಲೆ ಎಲ್ಲಿ ಏನು ಬದಲಾಗಿದೆ ಎಂದು ಪತ್ತೆಹಚ್ಚುವುದು ಮೊದಲನೆಯದು. ಪರಸ್ಪರ ಘರ್ಷಿಸದ ಬದಲಾವಣೆಗಳನ್ನೆಲ್ಲ ಇನ್ನೊಂದು ಕಡೆಗೂ ದಾಟಿಸುವುದು ಎರಡನೆಯದು. ‘ಅಧ್ಯಾಯ 3’ ಎಂಬ ಕಡತ ಮನೆಯ ಕಂಪ್ಯೂಟರಿನಲ್ಲಿದೆ, ವಿಭಾಗದ ಕಂಪ್ಯೂಟರಿನಲ್ಲಿ ಇಲ್ಲ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಹೊಸದಾಗಿ ಬರೆದದ್ದೋ, ವಿಭಾಗದಲ್ಲಿ ಅಳಿಸಿದ್ದೋ? ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ತಂತ್ರಾಂಶ ಹಿಂದಿನ ಸಲ ಎರಡೂ ಕಡೆ ಏನೇನಿತ್ತು ಎಂಬ ದಾಖಲೆಯನ್ನು ಇಟ್ಟುಕೊಂಡಿರುತ್ತದೆ. ಆ ದಾಖಲೆಯಲ್ಲಿ ‘ಅಧ್ಯಾಯ 3’ ಇದ್ದು, ಮನೆಯ ಪ್ರತಿ ಅಂದಿನಿಂದ ಬದಲಾಗಿಲ್ಲವಾದರೆ, ವಿಭಾಗದಲ್ಲಿ ಅದನ್ನು ಅಳಿಸಲಾಗಿದೆ ಎಂದೇ ತೀರ್ಮಾನ. ಅಳಿಸುವಿಕೆಯೂ ಒಂದು ಬದಲಾವಣೆ. ಆದ್ದರಿಂದ ಮನೆಯದನ್ನೂ ಅಳಿಸಲಾಗುತ್ತದೆ.

ಇಲ್ಲಿ ತಂತ್ರಾಂಶದ ದೋಷವೇನೂ ಇಲ್ಲ. ಅಳಿಸಿದ್ದು ಬೇಕೆಂದೋ, ಕೈತಪ್ಪಿನಿಂದಲೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ರ‍್ಯಾನ್ಸಮ್‌ವೇರ್ ಎಂಬ ಒತ್ತೆಹಣದ ಕುತಂತ್ರಾಂಶ ನುಗ್ಗಿ ಕಡತಗಳನ್ನು ಗೂಢಲಿಪಿಗೆ ತಿರುಗಿಸಿದರೂ ಸಿಂಕ್‌ನ ಕಣ್ಣಿಗೆ ಅದು ಮಾಲೀಕರು ಮಾಡಿದ ತಿದ್ದುಪಡಿಯೇ.

ಇದಕ್ಕೆ ತದ್ವಿರುದ್ಧವಾದ ವಿನ್ಯಾಸ ನೋಡಬೇಕಾದರೆ ಬೆಲ್ ಲ್ಯಾಬ್ಸ್‌ನ ಶಾನ್ ಕ್ವಿನ್ಲನ್ ಮತ್ತು ಶಾನ್ ಡಾರ್ವರ್ಡ್ 2002ರಲ್ಲಿ ವಿವರಿಸಿದ ‘ವೆಂಟಿ’ ಸಂಗ್ರಹ ವ್ಯವಸ್ಥೆಯನ್ನು ಗಮನಿಸಬೇಕು. ಅದರಲ್ಲಿ ಒಮ್ಮೆ ಬರೆದ ದತ್ತಾಂಶವನ್ನು ತಿದ್ದಲಾಗದು, ಅಳಿಸಲಾಗದು. ಕಡತ ಬದಲಾದರೆ ಬದಲಾದ ತುಣುಕು ಹೊಸದಾಗಿ ಸೇರುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ. ಬ್ಯಾಕಪ್‌ನ ಶುದ್ಧ ರೂಪ ಎಂದು ನಾನು ಕರೆಯುವುದು ಇದನ್ನು.

ವಾಸ್ತವದಲ್ಲಿ ನಡೆದ ದುರಂತಗಳು ಈ ಭೇದವನ್ನು ಸಿದ್ಧಾಂತಕ್ಕಿಂತ ಸ್ಪಷ್ಟವಾಗಿ ತೋರಿಸುತ್ತವೆ. ಕನ್ನಡ ಅನುವಾದವೂ ಇರುವ ಮುಕ್ತ ತಂತ್ರಾಂಶ ಯೋಜನೆ ಕೆಡಿಇ. 2013ರ ಮಾರ್ಚ್ 22ರಂದು ಭದ್ರತಾ ಅಪ್‌ಡೇಟ್‌ಗಾಗಿ ನಿಲ್ಲಿಸಿದ್ದ ಅದರ ಸರ್ವರ್ ಮತ್ತೆ ಚಾಲೂ ಆದಾಗ ಕಡತವ್ಯವಸ್ಥೆ ಕೆಟ್ಟಿತ್ತು. ಅಲ್ಲಿದ್ದದ್ದು ಸುಮಾರು 1,500 ಸಂಕೇತ ಭಂಡಾರಗಳು. ಜಗತ್ತಿನ ಬೇರೆಬೇರೆ ಕಡೆ ಅದರ ಪ್ರತಿಬಿಂಬ ಸರ್ವರುಗಳಿದ್ದವು. ಅವನ್ನೇ ರಕ್ಷಣೆ ಎಂದು ತಂಡ ನಂಬಿತ್ತು. ಆದರೆ ಅವು ನಿಷ್ಠೆಯಿಂದ ಮೂಲವನ್ನು ಅನುಸರಿಸಿ, ಕೆಟ್ಟದ್ದನ್ನೇ ನಕಲು ಮಾಡಿಕೊಂಡವು. ಹಾನಿ ತಲುಪದೆ ಉಳಿದಿದ್ದ ಒಂದು ಸರ್ವರ್‌ನಿಂದ ಎಲ್ಲವನ್ನೂ ಹಿಂಪಡೆಯಬೇಕಾಯಿತು.

ಹಡಗು ಸಾಗಣೆಯ ದೈತ್ಯ ಮಾರ್ಸ್ಕ್ ಕಂಪನಿಯ ಪ್ರಸಂಗ ಇನ್ನೂ ಆಳವಾದದ್ದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ದಾಳಿ ಅದರ ಜಾಲವನ್ನು ನೆಲಕಚ್ಚಿಸಿತು. ಯಾರು ಯಾವ ಯಂತ್ರಕ್ಕೆ ಪ್ರವೇಶಿಸಬಹುದು ಎಂಬುದನ್ನು ನಿರ್ಧರಿಸುವ ಡೊಮೇನ್ ಕಂಟ್ರೋಲರುಗಳು ಸುಮಾರು 150 ಇದ್ದವು. ಪ್ರತಿಯೊಂದೂ ಇನ್ನೊಂದರ ಜೊತೆ ಸಿಂಕ್ ಆಗುತ್ತಿದ್ದುದರಿಂದ ಒಂದು ಹೋದರೆ ಇನ್ನೊಂದಿದೆ ಎಂಬುದು ಲೆಕ್ಕಾಚಾರ. ಎಲ್ಲವೂ ಒಟ್ಟಿಗೆ ಅಳಿಯುವ ಸಾಧ್ಯತೆಯನ್ನು ಯಾರೂ ಎಣಿಸಿರಲಿಲ್ಲ. ಘಾನಾದ ಕಚೇರಿಯಲ್ಲಿ ದಾಳಿಗೆ ಮುಂಚೆ ಕರೆಂಟು ಹೋಗಿತ್ತು. ಅಲ್ಲಿಯ ಕಂಟ್ರೋಲರ್ ಜಾಲದಿಂದ ಹೊರಗಿದ್ದುದರಿಂದಲೇ ಬದುಕಿತು. ಅದರ ಹಾರ್ಡ್‌ಡಿಸ್ಕನ್ನು ನೈಜೀರಿಯಾ ಮಾರ್ಗವಾಗಿ ವಿಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಿ ಜಾಲವನ್ನು ಮತ್ತೆ ಕಟ್ಟಲಾಯಿತು.

ಅದೇ ವರ್ಷದ ಜನವರಿ 31ರಂದು ಸಂಕೇತ ಭಂಡಾರಗಳನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಸೇವೆಯ ಎಂಜಿನಿಯರ್ ಒಬ್ಬರು ನಕಲು ಸರ್ವರ್ ಎಂದುಕೊಂಡು ಮೂಲ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ದಿನವೂ ಆಗಬೇಕಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದಿಕೆಯಾಗದೆ ವಿಫಲವಾಗುತ್ತಿತ್ತು. ವೈಫಲ್ಯ ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ಕೈಹಿಡಿಯಿತು.

ಮೂರರಲ್ಲೂ ಉಳಿಸಿದ್ದು ಮೂಲದೊಂದಿಗೆ ಹೆಜ್ಜೆ ಹಾಕದೆ ಹಿಂದುಳಿದ ಪ್ರತಿ. ಸಿಂಕ್‌ನ ದೃಷ್ಟಿಯಲ್ಲಿ ಅದು ಹಳಸಲು, ಸರಿಪಡಿಸಬೇಕಾದ ಲೋಪ. ಕರೆಂಟು ಹೋದದ್ದರಿಂದಲೋ ಅದೃಷ್ಟದಿಂದಲೋ ಸಿಕ್ಕ ಈ ಹಿಂದುಳಿಯುವಿಕೆಯನ್ನು ಉದ್ದೇಶಪೂರ್ವಕವಾಗಿ, ನಿಯಮಿತವಾಗಿ ಏರ್ಪಡಿಸುವುದೇ ಬ್ಯಾಕಪ್.

ಸಿಂಕ್ ಸೇವೆಗಳೂ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುತ್ತವಲ್ಲ ಎಂಬ ಆಕ್ಷೇಪ ಬರುತ್ತದೆ. ಅದು ಸರಿಯಾದ ಆಕ್ಷೇಪವೇ. ಬೆಳಿಗ್ಗೆ ಅಳಿಸಿದ್ದನ್ನು ಸಂಜೆ ಹಿಂಪಡೆಯಲು ಆ ಸೌಲಭ್ಯ ಸಾಕು. ಆದರೆ ಅದಕ್ಕೆ ಗಡುವಿದೆ. ಗೂಗಲ್ ಡ್ರೈವ್ 2020ರ ಅಕ್ಟೋಬರ್‌ನಿಂದ ಟ್ರ್ಯಾಶ್‌ನಲ್ಲಿರುವುದನ್ನು 30 ದಿನಗಳ ನಂತರ ತಾನಾಗಿ ಅಳಿಸುತ್ತದೆ; ವೈಯಕ್ತಿಕ ಒನ್‌ಡ್ರೈವ್‌ನ ಗಡುವೂ 30 ದಿನವೇ. ಮೇಲಾಗಿ ಮೂಲವೂ ಆವೃತ್ತಿಗಳೂ ಒಂದೇ ಖಾತೆಯಲ್ಲಿರುತ್ತವೆ. ಪಾಸ್‌ವರ್ಡ್ ಕದ್ದವರ ಕೈಗೆ ಎರಡೂ ಸಿಗುತ್ತವೆ.

ಜಾನಪದ ಕ್ಷೇತ್ರಕಾರ್ಯ ಮಾಡುವ ನಮ್ಮ ಸಂಶೋಧಕರಿಗೆ ಈ ಗಡುವು ಬಹಳ ಅಪಾಯಕಾರಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನೋ ದೇವರಗುಡ್ಡರ ಮಾದೇಶ್ವರ ಕಾವ್ಯವನ್ನೋ ಸಿ.ಡಿ. ಗುಣಮಟ್ಟದಲ್ಲಿ ಧ್ವನಿಮುದ್ರಿಸಿದರೆ ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ, ಎಂಟು ಗಂಟೆಯ ಒಂದು ರಾತ್ರಿಗೆ 5 ಜಿ.ಬಿ. ಗೂಗಲ್ ಉಚಿತವಾಗಿ ಕೊಡುವ 15 ಜಿ.ಬಿ. ಮೂರು ರಾತ್ರಿಗೆ ತುಂಬುತ್ತದೆ. ಜಾಗ ಮಾಡಿಕೊಳ್ಳಲು ಲ್ಯಾಪ್‌ಟಾಪಿನ ಸಿಂಕ್ ಫೋಲ್ಡರಿನಿಂದ ಅಳಿಸಿದರೆ ಕ್ಲೌಡ್‌ನಲ್ಲಿದ್ದದ್ದೂ ಹೋಗುತ್ತದೆ. ‘ಆನ್‌ಲೈನ್‌ನಲ್ಲಿ ಮಾತ್ರ’ ಎಂದು ಗುರುತು ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಉಳಿಯುವುದು ಕಡತದ ಹೆಸರಷ್ಟೆ. ಇರುವುದು ಒಂದೇ ಪ್ರತಿ. ಇಂಥ ಧ್ವನಿಕಡತವನ್ನು ವರ್ಷಗಟ್ಟಲೆ ಯಾರೂ ತೆರೆಯುವುದಿಲ್ಲ. ನಷ್ಟ ಗೊತ್ತಾಗುವ ಹೊತ್ತಿಗೆ 30 ದಿನ ಎಂದೋ ಕಳೆದಿರುತ್ತದೆ, ಹಾಡಿದ ಹಿರಿಯರೂ ಇರುವುದಿಲ್ಲ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಪ್ರೌಢಪ್ರಬಂಧ ಸುರಕ್ಷಿತವಾಗಿದ್ದರೂ ಅದಕ್ಕೆ ಆಧಾರವಾದ ಧ್ವನಿ ಅಲ್ಲಿಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ ಇಲ್ಲಿ ಉಪಯುಕ್ತ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಕ್ಲೌಡ್ ಇವುಗಳಲ್ಲಿ ಒಂದಾಗಿರಲಿ. ಇನ್ನೊಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಆಗಿದ್ದು, ನಕಲು ಮುಗಿದ ಕೂಡಲೇ ಕೇಬಲ್ ಕಳಚಿ ಬೇರೆ ಕಟ್ಟಡದಲ್ಲಿ ಇಡುವಂತಾಗಲಿ. ಧ್ವನಿಮುದ್ರಣ ಮಾಡಿದ ದಿನವೇ ಪ್ರತಿ ಕಡತದ ಚೆಕ್‌ಸಮ್ (ಕಡತದ ಒಳಾಂಶದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ತೆಗೆದು ಪಟ್ಟಿ ಮಾಡಿಟ್ಟರೆ, ಮುಂದೆ ಒಂದು ಬಿಟ್ ಬದಲಾಗಿದ್ದರೂ ಹೋಲಿಸಿ ಕಂಡುಹಿಡಿಯಬಹುದು. ವರ್ಷಕ್ಕೊಮ್ಮೆಯಾದರೂ ಆ ಡಿಸ್ಕನ್ನು ಸಂಬಂಧವಿಲ್ಲದ ಬೇರೊಂದು ಕಂಪ್ಯೂಟರಿಗೆ ಹಾಕಿ, ಯಾವುದಾದರೂ ಒಂದು ರಾತ್ರಿಯ ಧ್ವನಿಯನ್ನು ಹೊರತೆಗೆದು, ಪಟ್ಟಿಯೊಂದಿಗೆ ತಾಳೆನೋಡಿ, ಕಿವಿಗೊಟ್ಟು ಕೇಳಬೇಕು. ವಿಭಾಗಗಳು ಸಂಶೋಧನಾರ್ಥಿಯ ವಾರ್ಷಿಕ ಪ್ರಗತಿ ವರದಿಯಲ್ಲಿ ಈ ಪರೀಕ್ಷೆಯ ದಿನಾಂಕಕ್ಕೂ ಒಂದು ಸಾಲು ಮೀಸಲಿಡಬಹುದು.