ಕಿನ್ನರಲೋಕದ ಪಿಂಗಾಣಿ: ಡೇಸಿ ಮಕೀಗ್-ಜೋನ್ಸ್ ಅವರ ಸಾಧನೆಯ ವಿಚಾರ

ಕೈಗಾರಿಕಾ ಕಲೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಕಾರ್ಖಾನೆಯಲ್ಲಿ ಸಿದ್ಧವಾದ ವಸ್ತುವಿನ ಮೇಲೆ ಸಾಮಾನ್ಯವಾಗಿ ಸಂಸ್ಥೆಯ ಮುದ್ರೆಯಿರುತ್ತದೆಯೇ ಹೊರತು ಕಲಾವಿದನ ಹೆಸರಿರುವುದಿಲ್ಲ, ಇದು ಮೊದಲನೆಯದು. ಆ ಕಲಾವಿದರು ಸ್ತ್ರೀಯಾಗಿದ್ದಲ್ಲಿ, ಅವರ ಸಾಧನೆಯನ್ನು ಅಭ್ಯಾಸಕ್ಕಿಂತ ಹೆಚ್ಚಾಗಿ ಸ್ವಭಾವಕ್ಕೆ ಆರೋಪಿಸುವ ರೂಢಿಯುಂಟು, ಇದು ಎರಡನೆಯದು. ಇಂಗ್ಲೆಂಡಿನ ವೆಜ್‌ವುಡ್ ಸಂಸ್ಥೆಗಾಗಿ 'ಫೇರಿಲ್ಯಾಂಡ್ ಲಸ್ಟರ್' ಎಂಬ ಅಲಂಕಾರ ಪಿಂಗಾಣಿಯನ್ನು ರೂಪಿಸಿದ ಡೇಸಿ ಮಕೀಗ್-ಜೋನ್ಸ್ ಅವರ ವಿಷಯದಲ್ಲಿ ಈ ಎರಡು ತೊಡಕುಗಳೂ ಕಂಡುಬರುತ್ತವೆ. ಅವರನ್ನು ಕನಸಿನ ಲೋಕದಲ್ಲಿ ವಿಹರಿಸಿದ ವಿಲಕ್ಷಣ ಮಹಿಳೆಯೆಂದು ಬಣ್ಣಿಸುವುದು ಸುಲಭ. ಆದರೆ ಅವರ ಕಿನ್ನರಲೋಕವು ಕಾರ್ಖಾನೆಯ ಕಠಿನ ಶಿಸ್ತಿನಿಂದಲೇ ಸಾಧ್ಯವಾಯಿತೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಡೇಸಿಯವರು 1881ರ ಡಿಸೆಂಬರ್ 31ರಂದು ಯಾರ್ಕ್‌ಷೈರಿನ ವಾತ್-ಅಪಾನ್-ಡರ್ನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು, ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಟಾರ್ಕ್ವೇ ನಗರದ ಕಲಾಶಾಲೆಯಲ್ಲಿ ಅವರು ಶಿಕ್ಷಣ ಪಡೆದರು. 1909ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಸ್ಟ್ಯಾಫರ್ಡ್‌ಷೈರಿನ ಎಟ್ರೂರಿಯಾದಲ್ಲಿದ್ದ ವೆಜ್‌ವುಡ್ ಕಾರ್ಖಾನೆಯನ್ನು ಸೇರಿದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಧ್ಯಮವರ್ಗದ ವಿದ್ಯಾವಂತ ಕುಟುಂಬದಿಂದ ಬಂದ ಈ ಮಹಿಳೆ ನೇರವಾಗಿ ವಿನ್ಯಾಸಕಾರರ ಪೀಠದಲ್ಲಿ ಕುಳಿತವರಲ್ಲ. ತಮಗಿಂತ ಬಹಳ ಚಿಕ್ಕವರಾದ ಹುಡುಗಿಯರ ಜೊತೆಯಲ್ಲಿ ಬಣ್ಣ ತುಂಬುವ ಕೆಲಸವನ್ನು ಕಲಿತವರು. 1912ರಲ್ಲಿ ಅವರು ವಿನ್ಯಾಸಕಾರರ ವರ್ಗಕ್ಕೆ ಸೇರಿದರು. 1914ರಲ್ಲಿ ಅವರಿಗೆ ಪ್ರತ್ಯೇಕ ಕಲಾಶಾಲೆಯೊಂದು ದೊರೆಯಿತು. ಐದು ವರ್ಷಗಳ ಈ ಉಮೇದುವಾರಿಕೆಯಲ್ಲಿ ಅವರು ಕುಂಚವನ್ನಷ್ಟೇ ಅಲ್ಲ, ಆವಿಗೆಯ ಗುಣವನ್ನೂ ಅರಿತರು.

ಲಸ್ಟರ್ ಎಂಬುದು ಮೆರುಗಿನ ಮೇಲೆ ಹರಡಿದ ಲೋಹದ ಅತಿ ತೆಳುವಾದ ಪೊರೆ. ಬೆಳಕು ಅದರ ಮೇಲೆ ಬಿದ್ದಾಗ ನವಿಲುಗರಿಯಂತೆ ಬಣ್ಣಗಳು ಪಲ್ಲಟಗೊಳ್ಳುತ್ತವೆ. ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರು ಈ ವಿದ್ಯೆಯಲ್ಲಿ ಪರಿಣತರಾಗಿದ್ದರು. ಮುಂದೆ ಈಜಿಪ್ಟ್, ಇರಾನ್, ಸ್ಪೇನ್, ಇಟಲಿಗಳಲ್ಲಿ ಅದು ಬೆಳೆಯಿತು. ಪ್ರಾಚೀನ ಪದ್ಧತಿಯಲ್ಲಿ ಆವಿಗೆಯೊಳಗೆ ಹೊಗೆ ತುಂಬಿಸಿ ಲೋಹವನ್ನು ಹೊರತರಬೇಕಾಗಿತ್ತು. ಡೇಸಿಯವರಾದರೋ ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುತ್ತಿದ್ದ ದ್ರವರೂಪದ ಲಸ್ಟರನ್ನೇ ಬಳಸಿದರು. ಆದುದರಿಂದ ಅವರ ಹೊಸತನ ರಸಾಯನದಲ್ಲಿಲ್ಲ. ಮುದ್ರಣ, ಚಿತ್ರಣ, ಲಸ್ಟರ್, ಚಿನ್ನ ಎಂಬ ನಾಲ್ಕು ಕೆಲಸಗಳನ್ನು ಒಂದೇ ಪಾತ್ರೆಯ ಮೇಲೆ ಅವರು ಕೂಡಿಸಿದ ರೀತಿಯಲ್ಲಿ ಅದನ್ನು ಹುಡುಕಬೇಕು.

ಆ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಡೇಸಿಯವರು ಬರೆದ ಚಿತ್ರದ ರೇಖೆಗಳನ್ನು ಕೆತ್ತನೆಗಾರನು ತಾಮ್ರದ ಫಲಕದ ಮೇಲೆ ಕೊರೆಯುತ್ತಿದ್ದನು. ಅವುಗಳನ್ನು ತೆಳು ಕಾಗದದ ಮೇಲೆ ಅಚ್ಚೊತ್ತಿ, ಮೂಳೆಯ ಬೂದಿ ಬೆರೆತ ಬಿಳಿಯ ಪಿಂಗಾಣಿಗೆ ವರ್ಗಾಯಿಸಲಾಗುತ್ತಿತ್ತು. ಬಣ್ಣಗಾರ್ತಿಯರು ಆ ರೇಖೆಗಳೊಳಗೆ ವರ್ಣಗಳನ್ನು ತುಂಬಿ, ನೆರಳನ್ನು ಚುಕ್ಕೆಗಳಿಂದ ಮೂಡಿಸುತ್ತಿದ್ದರು. ಅನಂತರ ಮೆರುಗು, ಅದರ ಮೇಲೆ ಲಸ್ಟರ್, ಕೊನೆಯಲ್ಲಿ ಚಿನ್ನದ ರೇಖೆ. ಹಂತಹಂತವಾಗಿ ಪಾತ್ರೆಯನ್ನು ಆವಿಗೆಗೆ ಇಡಬೇಕಾಗಿತ್ತು. ಕೆಲವು ಪಾತ್ರೆಗಳು ಆರು ಬಾರಿಯವರೆಗೂ ಬೆಂದವು. ಲಸ್ಟರಿಗೆ ಕಾವು ಹೆಚ್ಚಾದರೆ ಹೊಳಪು ಸುಟ್ಟುಹೋಗುತ್ತದೆ. ಕಡಿಮೆಯಾದರೆ ಪೊರೆ ಅಂಟುವುದಿಲ್ಲ. ಹೀಗೆ ಕಡೆಯ ಬೆಂಕಿಯಲ್ಲಿ ಕೆಟ್ಟ ಪಾತ್ರೆಯೊಂದಿಗೆ ಹಿಂದಿನ ಎಲ್ಲರ ದುಡಿಮೆಯೂ ವ್ಯರ್ಥವಾಗುತ್ತಿತ್ತು. ಈ ಪಿಂಗಾಣಿಯ ಬೆಲೆ ಹೆಚ್ಚಾಗಿದ್ದುದಕ್ಕೆ ಕಾರಣ ಇಲ್ಲಿಯೇ ಇದೆ.

1914ರಲ್ಲಿ ಹೊರಬಂದ ಮೊದಲ ಲಸ್ಟರ್ ಪಾತ್ರೆಗಳಲ್ಲಿ ಚಿಟ್ಟೆ, ಡ್ರ್ಯಾಗನ್, ಝೇಂಕಾರದ ಹಕ್ಕಿ, ಹಣ್ಣುಗಳಂಥ ವಿಷಯಗಳಿದ್ದವು. 1915ರಿಂದ ಕಿನ್ನರಲೋಕದ ಮಾಲೆ ಪ್ರಾರಂಭವಾಯಿತು. ಹೂಜಿ, ಎಂಟು ಮೂಲೆಯ ಬೋಗುಣಿ, ಫಲಕಗಳ ಮೇಲೆ ಸೇತುವೆ ದಾಟುವ ತುಂಟ ಭೂತಗಳು, ಗುಳ್ಳೆಗಳೊಡನೆ ಆಡುವ ಕಿನ್ನರರು, ಬಿಳಿಯ ಪ್ರೇತರೂಪಗಳು ಸುಳಿದಾಡುವ ಕಾಡು ಮೊದಲಾದ ದೃಶ್ಯಗಳು ಮೂಡಿದವು. ಬೋಗುಣಿಗಳಿಗೆ ಹೊರಮೈಯಂತೆ ಒಳಮೈಯಲ್ಲಿಯೂ ಪ್ರತ್ಯೇಕ ಚಿತ್ರವಿರುತ್ತಿದ್ದುದು ವಿಶೇಷ. ವಿಷಯಗಳ ಮೂಲಗಳೂ ಒಂದೇ ದೇಶದವಲ್ಲ. 'ಫರ್ಬಾಲ್ಗ್ಸ್' ಎಂಬ ಹೆಸರು ಐರಿಷ್ ಪುರಾಣದ ಒಂದು ಪ್ರಾಚೀನ ಜನಾಂಗದ್ದು. 'ನಿಜಾಮಿ' ಪಾರಸಿಕ ಕವಿಯನ್ನು ನೆನಪಿಸುತ್ತದೆ. 'ಲಾಹೋರ್' ಎಂಬ ವಿನ್ಯಾಸವೂ ಅವರ ಲಸ್ಟರ್ ಪಾತ್ರೆಗಳಲ್ಲಿದೆ. ಈ ಪೌರಸ್ತ್ಯವು ಕಂಡು ಬರೆದದ್ದಲ್ಲ, ಪುಸ್ತಕಗಳಿಂದ ಕಲ್ಪಿಸಿಕೊಂಡದ್ದು ಎಂಬುದನ್ನು ನಾವು ಮರೆಯಬಾರದು.

ಈ ಮಾಲೆಯ ಜನಪ್ರಿಯತೆಗೆ ಒಂದು ಕಾರಣವನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ: ಮೊದಲನೆಯ ಮಹಾಯುದ್ಧದ ಘೋರದಿಂದ ಪಾರಾಗಲು ಜನರು ಕಿನ್ನರಲೋಕವನ್ನು ಆಶ್ರಯಿಸಿದರು ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಡೇಸಿಯವರನ್ನು ಕಾರ್ಖಾನೆಗೆ ಸೇರಿಸಿಕೊಂಡ ಕಾಲದಲ್ಲಿ ಆಡಳಿತದಲ್ಲಿದ್ದ ಸೆಸಿಲ್ ವೆಜ್‌ವುಡ್ ಅವರೇ 1916ರಲ್ಲಿ ಸೋಮ್ ರಣರಂಗದಲ್ಲಿ ಮಡಿದರು. ಆದರೆ ಬೇಡಿಕೆಯ ಕಾರಣವನ್ನು ಉಗಮದ ಕಾರಣವೆಂದು ಭ್ರಮಿಸುವುದು ಸಲ್ಲದು. ಆರ್ಥರ್ ರ‍್ಯಾಕ್‌ಹ್ಯಾಮ್, ಎಡ್ಮಂಡ್ ಡ್ಯೂಲಾಕ್ ಮೊದಲಾದವರ ಸಚಿತ್ರ ಕಥಾಗ್ರಂಥಗಳು ಯುದ್ಧಕ್ಕೆ ಮೊದಲೇ ಇಂಗ್ಲೆಂಡಿನ ಮನೆಗಳನ್ನು ಸೇರಿದ್ದವು. ಕೇ ನೀಲ್ಸನ್, ಡ್ಯೂಲಾಕ್ ಇವರ ಪ್ರಭಾವ ಡೇಸಿಯವರ ಚಿತ್ರಗಳಲ್ಲಿ ಸ್ಪಷ್ಟವಾಗಿದೆ. ಪುಸ್ತಕದ ಪುಟದಲ್ಲಿದ್ದ ಲೋಕವನ್ನು ದುಂಡಗಿನ ಪಾತ್ರೆಯ ಮೈಗೆ ತಂದುದು ಅವರ ಸ್ವಂತ ಸಾಧನೆ. ಯುದ್ಧವು ಅದಕ್ಕೆ ಗ್ರಾಹಕರನ್ನು ಒದಗಿಸಿರಬಹುದು, ಜನ್ಮವನ್ನಲ್ಲ.

ಅವಸಾನದ ವಿಚಾರವೂ ಇಂತಹುದೇ. ಅಭಿರುಚಿ ಬದಲಾಯಿತೆಂದಷ್ಟೇ ಹೇಳಿದರೆ ಸಾಲದು. 1929ರ ಆರ್ಥಿಕ ಕುಸಿತದಿಂದ ದುಬಾರಿ ಅಲಂಕಾರವಸ್ತುಗಳ ವ್ಯಾಪಾರ ಕುಗ್ಗಿತು. 1930ರಲ್ಲಿ ಐದನೆಯ ಜೊಸಾಯ ವೆಜ್‌ವುಡ್ ಆಡಳಿತ ನಿರ್ದೇಶಕರಾದರು. ಸರಳವಾದ ಆಧುನಿಕ ವಿನ್ಯಾಸಗಳತ್ತ ಸಂಸ್ಥೆಯ ಒಲವು ತಿರುಗಿತು. 1931ರಲ್ಲಿ ಡೇಸಿಯವರಿಗೆ ನಿವೃತ್ತರಾಗುವಂತೆ ಸೂಚಿಸಲಾಯಿತು. ಅವರು ಮೊದಲು ಒಪ್ಪದಿದ್ದರೂ ಕೊನೆಗೆ ಕಾರ್ಖಾನೆಯನ್ನು ಬಿಡಬೇಕಾಯಿತು. ಇಪ್ಪತ್ತೆರಡು ವರ್ಷಗಳ ಸೇವೆ ಹೀಗೆ ಮುಗಿಯಿತು. ಅವರು 1945ರಲ್ಲಿ ತೀರಿಕೊಂಡರು. ಕಲ್ಪನೆ ಅವರದು; ತಾಮ್ರಫಲಕಗಳೂ ಆವಿಗೆಗಳೂ ಸಂಸ್ಥೆಯವು. ಅವರನ್ನು ಮೇಲೆತ್ತಿದ ಕಾರ್ಖಾನೆಯ ಹೊರಗೆ ಈ ಕಲೆಗೆ ಬೇರೆ ನೆಲೆಯಿರಲಿಲ್ಲ. 1975ರಲ್ಲಿ ಊನಾ ದೆ ಫೋಂಟೇನ್ಸ್ ಅವರ ಗ್ರಂಥ ಪ್ರಕಟವಾದುದರಿಂದ ಈ ಸಾಧನೆಯ ವ್ಯವಸ್ಥಿತ ಅಧ್ಯಯನ ಸಾಧ್ಯವಾಯಿತು.

ಮೇಲಿನ ವಿವೇಚನೆಯಿಂದ ನಾವು ಎರಡು ನಿರ್ಣಯಗಳಿಗೆ ಬರಬಹುದು. ಡೇಸಿ ಮಕೀಗ್-ಜೋನ್ಸ್ ಅವರನ್ನು ಕೇವಲ ಸ್ವಪ್ನಶೀಲೆಯೆಂದು ಕರೆಯುವುದು ಅವರ ಕಲಿಕೆಗೆ ಮಾಡುವ ಅನ್ಯಾಯ. ಹಾಗೆಯೇ, ಕೀರ್ತಿಯನ್ನೆಲ್ಲ ಅವರೊಬ್ಬರಿಗೇ ಸಲ್ಲಿಸುವುದು ಅವರ ರೇಖೆಗಳನ್ನು ಕೆತ್ತಿದ, ಅವುಗಳಿಗೆ ಬಣ್ಣ ತುಂಬಿದ ಕೈಗಳಿಗೆ ಮಾಡುವ ಅನ್ಯಾಯ. ಒಂದು ಬೋಗುಣಿಯ ಚರಿತ್ರೆಯನ್ನು ಬರೆಯುವಾಗ ಅದನ್ನು ಕಲ್ಪಿಸಿದವರನ್ನೂ, ಆರು ಬೆಂಕಿಗಳನ್ನು ದಾಟಿಸಿ ಅದನ್ನು ಉಳಿಸಿದವರನ್ನೂ ಒಟ್ಟಿಗೆ ನೆನೆಯುವುದು ಇತಿಹಾಸಕಾರನ ಕರ್ತವ್ಯವಾಗಿದೆ.